ಇಳಿಯುವುದಕ್ಕೆ ಅರ್ಧ ತಾಸು

ಸಿಡ್ನಿಯಿಂದ ಬೆಂಗಳೂರಿಗೆ ಎಷ್ಟು ದೂರ ಅಂತ ಯಾರಿಗಾದರೂ ತಿಳಿಯಬೇಕಾದರೆ ನನ್ನನ್ನು ಕೇಳಿ. ಒಂಬತ್ತು ಸಾವಿರದ ಮೇಲೆ ಚಿಲ್ಲರೆ ಕಿಲೋಮೀಟರು. ಎಲ್ಲೂ ನಿಲ್ಲದೆ ಬರುವ ವಿಮಾನವಾದರೆ ಹನ್ನೆರಡು ತಾಸು. ನಾನು ಶಿರಸಿ ಹತ್ತಿರದ ಇಸಳೂರಿನಲ್ಲಿ ಇರುವವಳು, ಹುಬ್ಬಳ್ಳಿಯ ವಿಮಾನ ನಿಲ್ದಾಣದ ಗೇಟನ್ನೂ ದಾಟಿದವಳಲ್ಲ. ಆದರೂ ಈ ಲೆಕ್ಕ ನನಗೆ ಬಾಯಿಪಾಠ. ಬಾಯಿಪಾಠ ಮಾಡಿಸಿದವರು ನನ್ನ ಗಂಡನ ಮನೆಯವರು. ಅವರಿಗೆ ಒಳ್ಳೆಯದಾಗಲಿ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಬರಿಸಿಕೊಳ್ಳುವ ಆಸೆಯೂ ಇಲ್ಲ.

ನನ್ನ ಗಂಡ ವೆಂಕಟ್ರಮಣ ಅಡಿಗೆಯವರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆ-ಮುಂಜಿಗಳಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದರು. ಯಾರೋ ಅವರ ಕೈರುಚಿ ನೋಡಿ ಸಿಡ್ನಿಯ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ದೋಸೆ ಹೊಯ್ಯುವುದು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದ ಮೊದಲ ದಿನ ಕೇಳುತ್ತಿದ್ದದ್ದು ಒಂದೇ, ಒಂದು ಲೋಟ ಕಷಾಯ. ಚಹಾ ಅವರ ನಾಲಿಗೆಗೆ ತಾಗಿದ್ದೇ ಇಲ್ಲ. ನೂರಾರು ಜನಕ್ಕೆ ಚಹಾ ಕಾಸಿ ಕೊಟ್ಟ ಮನುಷ್ಯ, ತಾನು ಮಾತ್ರ ಕೊತ್ತಂಬರಿ-ಜೀರಿಗೆಯ ಕಷಾಯವೇ. ‘ಚಹಾ ಕುಡದ್ರೆ ಅಡಿಗೆಯವನ ನಾಲಿಗೆ ಸಾಯ್ತು’ ಅನ್ನುತ್ತಿದ್ದರು.

ಅದೇ ಹುಚ್ಚನ್ನು ಶಶಾಂಕನಿಗೂ ಹಿಡಿಸಿದ್ದರು. ಶಶಾಂಕ ನನ್ನ ಭಾವನ ಮಗ. ಭಾವ ವಿಶ್ವೇಶ್ವರ ಹುಲಗೋಳದ ಮೂಲಮನೆಯಲ್ಲಿ ಇರುವವರು, ಇವರಿಗಿಂತ ಹತ್ತು ವರ್ಷ ದೊಡ್ಡವರು. ಶಶಾಂಕ ಹೈಸ್ಕೂಲಿಗೆ ಶಿರಸಿಗೆ ಬಂದಾಗ ಉಳಿದದ್ದು ನಮ್ಮ ಬಾಡಿಗೆ ಮನೆಯಲ್ಲಿ, ಐದು ವರ್ಷ. ನನ್ನ ಕೈಯ ಅನ್ನ ಉಂಡ, ಇವರ ಹಿಂದೆ ಮುಂದೆ ತಿರುಗಿದ, ಸೌಟು ಹಿಡಿಯುವುದನ್ನೂ ಕಲಿತ, ಚಹಾ ಬಿಟ್ಟು ಕಷಾಯ ಕುಡಿಯುವುದನ್ನೂ ಕಲಿತ. ನಮಗೆ ಇರುವವಳು ಒಬ್ಬಳೇ ಮಗಳು ಸಂಹಿತಾ. ‘ಗಂಡು ಇಲ್ಲೆ ನಿಂಗಕ್ಕೆ’ ಎಂದು ಯಾರಾದರೂ ಮರುಗಿದರೆ ಇವರು ನಗುತ್ತಿದ್ದರು. ‘ಶಶಾಂಕ ಇದ್ನಲಾ ಮಾರಾಯ್ರೇ. ಎನಗೆ ಕೊಳ್ಳಿ ಇಡದು ಅಂವ.’ ಹುಡುಗನೂ ಚಿಕ್ಕಪ್ಪನ ಎದುರು ಹಲ್ಲು ಕಿರಿಯುತ್ತಿದ್ದ. ‘ಇಡ್ತೆ ಅಪ್ಪಚ್ಚಿ, ಈಗ್ಲೇ ಎಂತಕ್ಕೆ ಅವಸರ’ ಅನ್ನುತ್ತಿದ್ದ.

ಈ ಶಶಾಂಕನಿಗೆ ಮೂವತ್ತೆಂಟು ತುಂಬಿದರೂ ಮದುವೆ ಆಗಿರಲಿಲ್ಲ. ಹುಡುಗನಲ್ಲಿ ಐಬಿಲ್ಲ. ತೋಟ ನೋಡಿಕೊಂಡು ಊರಲ್ಲಿ ಇರುತ್ತಾನೆ, ಅದೇ ಐಬು. ನಮ್ಮ ಕಡೆ ಊರಲ್ಲಿ ಇರುವ ಗಂಡಿಗೆ ಹೆಣ್ಣು ಸಿಗುವುದಿಲ್ಲ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹತ್ತು ವರ್ಷ ಜಾತಕ ಹಿಡಿದು ತಿರುಗಿದರು. ಕೊನೆಗೆ ಹೆಣ್ಣು ಹುಡುಕಿದ್ದು ಯಾರು? ನಾನು! ನನ್ನ ತವರಿನ ನೆಂಟಸ್ತನದಲ್ಲಿ, ಸಿದ್ದಾಪುರದ ಕಡೆ, ಕಾವ್ಯಶ್ರೀ ಅಂತ. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಚುರುಕು. ನೋಡಲಿಕ್ಕೆ ಬಂದವನ ಹತ್ತಿರ ‘ತೋಟ ಮಾಡ್ತ್ಯಲ, ಕೈ ತೋರ್ಸು ನೋಡನ’ ಅಂದವಳು. ಕೈಯಲ್ಲಿ ದಡ್ಡು ಇದ್ದದ್ದು ನೋಡಿ ಒಪ್ಪಿದಳು. ಆವತ್ತು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.

ಮದುವೆ ಮೇ ತಿಂಗಳ ಮೊದಲ ವಾರ. ಅದು ದಾಟಿದರೆ ಅಧಿಕ ಮಾಸ, ಮತ್ತೆ ಮುಹೂರ್ತ ಜೂನ್ ಕೊನೆಗೇ. ಇವರು ಹೋಟೆಲಿನ ಯಜಮಾನನ ಹತ್ತಿರ ಜಗಳ ಮಾಡಿ ರಜೆ ತೆಗೆದರು. ‘ಶಶಾಂಕನ ಮದುವೆಗೆ ತೊಡದೇವು ಆನೇ ಎರೀತೆ, ಬೇರೆಯವು ಗಡಿಗೆ ಮುಟ್ಟುಲಾಗ’ ಎಂದು ಫೋನಿನಲ್ಲಿ ಹೇಳಿದ್ದರು. ತೊಡದೇವು ಗೊತ್ತಲ್ಲ, ಗಡಿಗೆ ಮಗುಚಿಟ್ಟು ಕೆಳಗೆ ಬೆಂಕಿ ಮಾಡಿ, ಮೇಲೆ ಅಕ್ಕಿ ಹಿಟ್ಟು ಎರೆದು ತೆಗೆಯುವ ಕಾಗದದಂಥ ಸಿಹಿ. ಕೈ ಪಳಗದವರಿಗೆ ಒಂದೂ ಏಳುವುದಿಲ್ಲ. ನಾನು ಹೊಸ ಗಡಿಗೆ ತರಿಸಿ, ಎಣ್ಣೆ ಸವರಿ, ಹಿತ್ತಲಲ್ಲಿ ಪಳಗಿಸಿ ಇಟ್ಟಿದ್ದೆ.

ಮದುವೆಗೆ ಐದು ದಿನ ಇರುವಾಗ ಇವರು ಸಿಡ್ನಿಯಲ್ಲಿ ವಿಮಾನ ಹತ್ತಿದರು. ಸಂಜೆ ಬೆಂಗಳೂರಿನಲ್ಲಿ ಇಳಿದು ರಾತ್ರಿ ಬಸ್ಸಿಗೆ ಶಿರಸಿ, ಹಾಗೆ ಲೆಕ್ಕ. ಸಂಜೆ ಫೋನು ಬಂತು. ಇವರದೇ ನಂಬರು. ಎತ್ತಿದರೆ ಹೆಣ್ಣಿನ ದನಿ.

“ಆಂಟೀ, ನಾನು ಪ್ರತಿಭಾ ಅಂತ, ದಾವಣಗೆರೆಯವಳು. ಅಂಕಲ್ ಪಕ್ಕದ ಸೀಟಲ್ಲಿದ್ದೆ. ಮನೇಲಿ ಗಂಡಸರು ಯಾರಾದ್ರೂ ಇದ್ದಾರಾ?”

ನನಗೆ ಅಲ್ಲಿಗೇ ಗೊತ್ತಾಯಿತು. ಗಂಡಸರು ಇಲ್ಲ, ನನಗೇ ಹೇಳು ಅಂದೆ. ಪಾಪದ ಹುಡುಗಿ, ಅಳುತ್ತ ಹೇಳಿತು. “ಇಳಿಯೋಕೆ ಇನ್ನೂ ಅರ್ಧ ಗಂಟೆ ಇತ್ತು ಆಂಟೀ. ಕಿಟಕಿ ಕಡೆ ಬಗ್ಗಿ ನೋಡಿ, ‘ನೆಲ ಬಂತು ತಂಗೀ, ಕೆರೆ ನೋಡು ಎಷ್ಟು ಹೊಳೀತಿದೆ’ ಅಂದ್ರು. ಅಣ್ಣನ ಮಗನ ಮದುವೆ ಅಂದ್ರು. ಆಮೇಲೆ ಕಣ್ಣು ಮುಚ್ಚಿದ್ರು, ನಿದ್ದೆ ಅಂದ್ಕೊಂಡೆ. ಇಳಿದ ಮೇಲೆ ಎಬ್ಬಿಸಿದ್ರೆ ಏಳಲಿಲ್ಲ.”

ನೆಲ ಬಂತು ಅಂದರಂತೆ. ಅದೊಂದೇ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮುಂದಿನದೆಲ್ಲ ಆ ಹುಡುಗಿ ಏನು ಹೇಳಿತೋ, ನಾನು ಏನು ಕೇಳಿದೆನೋ.

ಸಂಹಿತಾ ಯಲ್ಲಾಪುರದಲ್ಲಿ ಬ್ಯಾಂಕಿನ ಕೆಲಸದಲ್ಲಿ ಇದ್ದಳು. ಪಕ್ಕದ ಮನೆಯ ಸತೀಶ ಬಾಡಿಗೆ ಕಾರು ಓಡಿಸುವವನು, ‘ಅಮ್ಮಾ, ನೀವು ಮನೇಲೇ ಇರಿ, ನಾ ಸಂಹಿತಕ್ಕನ ಕರ್ಕಂಡು ಹೋಗ್ತೆ’ ಎಂದು ಅವಳನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೊರಟ. ನಾನು ಹುಲಗೋಳಕ್ಕೆ ಫೋನು ಮಾಡಿದೆ. ಭಾವ ಎತ್ತಿದರು. ಹೇಳಿದೆ. ಅವರು ಕೇಳಿದ ಮೊದಲ ಮಾತು ಕೇಳಿ, ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ಎಲ್ಲಿ ಹೋದ? ಅಲ್ಲೇಯಾ, ಇಲ್ಲಿ ಬಂದಾ?”

ತಮ್ಮ ಸತ್ತ ಸುದ್ದಿ ಕೇಳಿದ ಅಣ್ಣ ಹೇಗೆ ಸತ್ತ ಅನ್ನಲಿಲ್ಲ, ಎಲ್ಲಿ ಸತ್ತ ಅಂದರು. ನಾನು ಆಗ ಅದನ್ನು ಗಮನಿಸಲಿಲ್ಲ. ದುಃಖಕ್ಕೆ ಬಾಯಿಗೆ ಬಂದದ್ದು ಕೇಳುತ್ತಾರೆ ಅಂದುಕೊಂಡೆ. ಎಂಥ ದಡ್ಡಿ ನಾನು!

ಮಾರನೆಯ ದಿನ ಬೆಳಿಗ್ಗೆ ಬಂದರು. ಭಾವ, ಶಶಾಂಕ, ಜೊತೆಗೆ ಪುರೋಹಿತ ಭಟ್ಟರು. ಗೇಟು ತೆರೆದೇ ಇತ್ತು. ಒಳಗೆ ಬರಲಿಲ್ಲ. ನಮ್ಮ ಮನೆಯ ಎದುರು ಹೊಸದಾಗಿ ಮನೆ ಕಟ್ಟುವವರು ರಸ್ತೆ ಬದಿಗೆ ಚಿರೇಕಲ್ಲು ಒಟ್ಟಿದ್ದಾರೆ. ಮೂವರೂ ಆ ಕಲ್ಲಿನ ರಾಶಿಯ ಮೇಲೆ ಕೂತರು. ನಾನು ಕುರ್ಚಿ ತರಲಿಕ್ಕೆ ಹೋದರೆ ಭಾವ ಕೈ ಅಡ್ಡ ಮಾಡಿದರು.

“ಬ್ಯಾಡ ಪರಿಮಳಾ. ಕುರ್ಚಿ ಮುಟ್ಟದು ಬ್ಯಾಡ, ಇಲ್ಲೇ ಅಡ್ಡಿಲ್ಲೆ.”

ಮೈಲಿಗೆ. ನನ್ನ ಮನೆಯ ಕುರ್ಚಿಯೂ ಮೈಲಿಗೆ. ಅದು ನನಗೆ ಅರ್ಥವಾಗಲಿಕ್ಕೆ ಮತ್ತೂ ಸ್ವಲ್ಪ ಹೊತ್ತು ಬೇಕಾಯಿತು. ಅವರಿಗೆ ಸೂತಕ ಬಂದಿದ್ದರೆ ನನ್ನ ಕುರ್ಚಿ ಯಾಕೆ ಮುಟ್ಟಬಾರದು? ನಾವೆಲ್ಲ ಒಂದೇ ಸೂತಕದವರು ತಾನೆ? ಅಂದರೆ ಇನ್ನೂ ಸೂತಕ ತಗುಲಿಲ್ಲ ಅಂತ ಮನಸ್ಸಿನಲ್ಲಿ ಮಾಡಿಕೊಂಡೇ ಬಂದಿದ್ದಾರೆ. ನಾನು ಗೇಟಿನ ಒಳಗೆ ನಿಂತೆ, ಅವರು ರಸ್ತೆಯ ಆಚೆ. ಬೈಕಿನವರು ನಡುವೆ ಹಾದು ಹೋಗುತ್ತಿದ್ದರು. ಮಾತು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಭಟ್ಟರು ಗಂಟಲು ಸರಿ ಮಾಡಿಕೊಂಡರು. “ನೋಡು ಪರಿಮಳಾ, ದಾಯಾದಿ ತೀರಿಹೋದ್ರೆ ಹತ್ತು ದಿನ ಸೂತಕ. ಅದು ಇದ್ದದ್ದೇ. ಆದ್ರೆ ಸಮುದ್ರದ ಆಚೆ, ದೇಶಾಂತರದಲ್ಲಿ ತೀರಿಹೋದ್ರೆ ಸುದ್ದಿ ಕೇಳಿದವು ಮಿಂದ್ರೆ ಸಾಕು ಹೇಳುವ ಒಂದು ಪಕ್ಷ ಇದ್ದು. ಎಲ್ಲರೂ ಒಪ್ತ್ವಿಲ್ಲೆ. ಕಷ್ಟಕ್ಕೆ ಬಂದಾಗ ಅದನ್ನ ಹಿಡಿತ.”

“ಸಮುದ್ರದ ಆಚೆ ಎಂತಕ್ಕೆ ಬಂತು ಭಟ್ರೇ? ಅವು ಬೆಂಗಳೂರಿಗೆ ಬಂದಿದ್ದ.”

“ಬಂದದ್ದು ಹೆಣ. ಜೀವ ಎಲ್ಲಿ ಹೋತು ಹೇಳದು ಪ್ರಶ್ನೆ,” ಅಂದರು ಭಾವ. ಎಷ್ಟು ಸಲೀಸಾಗಿ ಅಂದರು! ರಾತ್ರಿ ಇಡೀ ಕೂತು ಯೋಚಿಸಿದ ಮಾತು ಅಂತ ಗೊತ್ತಾಗುತ್ತಿತ್ತು.

ನಾನು ಪ್ರತಿಭಾ ಹೇಳಿದ್ದನ್ನು ಹೇಳಿದೆ. ಇಳಿಯಲು ಅರ್ಧ ತಾಸು ಇರುವಾಗ ಮಾತಾಡಿದ್ದು, ನೆಲ ಬಂತು ಅಂದದ್ದು, ಕೆರೆ ತೋರಿಸಿದ್ದು. ನೆಲ ಕಂಡಮೇಲೆ ಸತ್ತವರು ಸಮುದ್ರದ ಆಚೆ ಹೇಗೆ ಸತ್ತಂತಾಯಿತು?

“ಲಂಕೆಯೂ ನೆಲವೇಯ,” ಅಂದರು ಭಾವ. “ವಿಮಾನ ಲಂಕೆಯ ಮಗ್ಗುಲಲ್ಲೇ ಬತ್ತು. ಲಂಕೆಲೂ ಕೆರೆ ಇದ್ದು.”

ಕೇಳಿದಿರಾ? ಲಂಕೆಯಲ್ಲೂ ಕೆರೆ ಇದೆ! ಹುಲಗೋಳ ಬಿಟ್ಟು ಶಿರಸಿ ಪೇಟೆಗೆ ಹೋಗಲಿಕ್ಕೂ ಬೇಜಾರು ಮಾಡುವ ಮನುಷ್ಯನಿಗೆ ಲಂಕೆಯ ಕೆರೆ ಗೊತ್ತು. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

“ಆ ಹುಡುಗಿ ಯಾರೋ ಎಂತೋ,” ಭಾವ ಮುಂದುವರಿಸಿದರು. “ಗಾಬರಿಲಿ ಎಂತ ನೆನಪಿದ್ದೋ ಅದಕ್ಕೆ. ವಿಮಾನದವು ಪೊಲೀಸರ ಹತ್ರ ಹೇಳಿದ್ದು ಬೇರೆ. ಸಂಹಿತಾನೇ ಬೆಳಗ್ಗೆ ಫೋನಲ್ಲಿ ಹೇಳಿತು. ಇಳಿಯದಕ್ಕೆ ಒಂದೂವರೆ ತಾಸು ಇಪ್ಪಕಾರೆ ಚಹಾ ತಂದ. ಎಲ್ಲರೂ ತಗಂಡ. ಇಂವ ತಗಂಡಿದ್ನಿಲ್ಲೆ. ಕೇಳಿದ್ರೆ ಮಾತಾಡಿದ್ನಿಲ್ಲೆ. ಅಷ್ಟೊತ್ತಿಗೇ ಮುಗದಿತ್ತು.”

ಚಹಾ ತೆಗೆದುಕೊಳ್ಳಲಿಲ್ಲವಂತೆ, ಅದಕ್ಕೆ ಸತ್ತಿದ್ದರಂತೆ.

“ಭಾವಾ,” ಅಂದೆ. “ನಿಂಗಳ ತಮ್ಮ ಜೀವಮಾನದಲ್ಲಿ ಯಾವಾಗ ಚಹಾ ಕುಡದಿದ್ದ ಹೇಳಿ ನೋಡನ. ಒಂದ್ಸಲ. ಒಂದೇ ಒಂದ್ಸಲ.”

ಭಾವ ರಸ್ತೆಯ ಆ ಕಡೆ ನೋಡಿದರು. ಒಂದು ಹಾಲಿನ ಗಾಡಿ ಹೋಯಿತು. ಅದು ಹೋದ ಮೇಲೂ ನೋಡುತ್ತಲೇ ಇದ್ದರು.

ಭಟ್ಟರಿಗೆ ಕಸಿವಿಸಿ ಆಯಿತು. ಅವರದೇನೂ ತಪ್ಪಿಲ್ಲ, ನಾನು ಅವರನ್ನು ಬೈಯುವುದಿಲ್ಲ. “ಆನು ವಿಮಾನದಲ್ಲಿ ಇದ್ದಿದ್ನಿಲ್ಲೆ,” ಅಂದರು. “ಎಲ್ಲಿ ತೀರಿಹೋದ ಹೇಳದನ್ನ ತೀರ್ಮಾನ ಮಾಡದು ಮನೆಯವು. ಕಡಲ ಮೇಲೆ ಹೇಳಿದ್ರೆ ಮೀಯದು. ಈ ಬದಿ ಹೇಳಿದ್ರೆ ಹತ್ತು ದಿನ. ಮದುವೆ ಮುಂದೆ ಹೋಗ್ತು.”

“ಮುಂದೆ ಹೋದ್ರೆ ಹೋಗ್ಲಿ,” ಅಂದೆ. “ಜೂನಲ್ಲಿ ಮಾಡನ. ಹೆಣ್ಣಿನವಕ್ಕೆ ಆನೇ ಹೇಳ್ತೆ. ಎಂಗಳ ಕಡೆಯ ನೆಂಟರೇ, ಕಾಯ್ತ.”

“ಕಾಯ್ತ್ವಿಲ್ಲೆ!” ಭಾವ ಎದ್ದೇ ನಿಂತರು. ಕಲ್ಲಿನ ಕೆಂಪು ಧೂಳು ಪಂಚೆಯ ಹಿಂದೆ ಮೆತ್ತಿತ್ತು. “ಹತ್ತು ವರ್ಷ ಕಂಡಕಂಡವರ ಕಾಲು ಹಿಡದ್ದು ಆನು. ನಿಶ್ಚಿತಾರ್ಥ ಆಗಿ ಬಿಟ್ಟು ಹೋದ ಹೆಣ್ಣು ಊರಲ್ಲಿ ಎಷ್ಟಿದ್ದು ನಿಂಗೆ ಗೊತ್ತಿಲ್ಯಾ? ಒಂದೂವರೆ ತಿಂಗಳು ಬಿಟ್ರೆ ಇನ್ನೊಬ್ಬ ಬತ್ತ, ಬೆಂಗಳೂರಿನವ. ಇಂವಂಗೆ ಮತ್ತೆ ಹೆಣ್ಣು ಸಿಗ್ತು ಹೇಳಿ ನೀ ಬರದು ಕೊಡ್ತ್ಯಾ?”

ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಹಾಗೆ ಬಿಟ್ಟುಹೋದ ಹೆಣ್ಣುಗಳು ಇದ್ದಾರೆ. ಭಾವನ ಕಣ್ಣಿನಲ್ಲಿ ನೀರು ಇತ್ತು. ತಮ್ಮನಿಗಾಗಿಯೋ ಮಗನಿಗಾಗಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಒಂದು ಮಾತು. ಹೋಗಿ ಹೆಣ್ಣಿನವರನ್ನು ಕೇಳಬಹುದಿತ್ತು. ಸಿದ್ದಾಪುರ ಸಿಡ್ನಿಯೇನಲ್ಲ. ಕೇಳಲಿಲ್ಲ, ನನಗೂ ಕೇಳಗೊಡಲಿಲ್ಲ. ‘ನೀ ಫೋನು ಮಾಡಿದ್ರೆ ಈ ಮನೆ ಸಂಬಂಧ ಮುಗತ್ತು’ ಅಂದರು.

ನಾನು ಭಾವನನ್ನು ಬಿಟ್ಟೆ. ಶಶಾಂಕನ ಕಡೆ ತಿರುಗಿದೆ. ಫೋನು ಹಿಡಿದುಕೊಂಡು ಕೂತಿದ್ದ.

“ಶಶಾಂಕಾ, ನೀ ಹೇಳು ತಮಾ. ನಿನ್ನ ಅಪ್ಪಚ್ಚಿ ಎಲ್ಲಿ ಸತ್ತ?”

ಅವನ ಫೋನಿನಲ್ಲಿ ವಿಮಾನದ ದಾರಿ ಇತ್ತು. ಈಗ ಎಲ್ಲ ಸಿಗುತ್ತದಂತೆ, ಯಾವ ವಿಮಾನ ಯಾವ ಹೊತ್ತಿಗೆ ಎಲ್ಲಿತ್ತು ಅಂತ. ನೀಲಿಯ ಮೇಲೆ ಒಂದು ಹಳದಿ ಗೆರೆ. ಅವನು ಎದ್ದು ರಸ್ತೆ ದಾಟಿ ಗೇಟಿನವರೆಗೆ ಬಂದ. ನನಗೆ ತಾಗದ ಹಾಗೆ, ಒಂದು ಮೊಳ ದೂರ ನಿಂತು ಫೋನು ತೋರಿಸಿದ. ಬೆರಳು ಬೆಂಗಳೂರಿನಿಂದ ಹಿಂದೆ ಹಿಂದೆ ಹೋಯಿತು. ಅರ್ಧ ತಾಸಿನ ಹತ್ತಿರ ಬಂದಾಗ ಅದರ ಕೆಳಗೆ ಇದ್ದದ್ದು ಹಸಿರು. ನಾನು ನೋಡಿದೆ. ತಮಿಳುನಾಡಿನ ನೆಲ, ಅದರ ಮೇಲೆ ಸಣ್ಣ ಸಣ್ಣ ನೀಲಿ ಚುಕ್ಕಿಗಳು. ಕೆರೆಗಳೇ. ಇವರು ಕಿಟಕಿಯಲ್ಲಿ ಬಗ್ಗಿ ನೋಡಿದ ಕೆರೆಗಳೇ. ಅಲ್ಲಿ ಬೆರಳು ನಿಂತಿತು. ಹೇಳು ಮಗನೇ, ಹೇಳಿಬಿಡು ಅಂತ ಮನಸ್ಸಿನಲ್ಲಿ ಬೇಡಿಕೊಂಡೆ.

ಬೆರಳು ಮತ್ತೆ ಜಾರಿತು. ಹಸಿರು ದಾಟಿತು, ದಡ ದಾಟಿತು.

“ಚಹಾ ತಂದ ಹೊತ್ತಿಗೆ ಇಲ್ಲಿ ಇತ್ತು ಚಿಕ್ಕಿ,” ಅಂದ. ತಲೆ ಎತ್ತಲಿಲ್ಲ. “ಇಲ್ಲಿ ನೀರು.”

ಚಹಾ ಮುಟ್ಟದ ಹುಡುಗ, ಇವರ ಕೈಯಿಂದಲೇ ಕಷಾಯ ಕುಡಿದು ಬೆಳೆದ ಹುಡುಗ, ಹಾಗೆ ಹೇಳಿದ. ಭಾವ ಉಸಿರು ಬಿಟ್ಟದ್ದು ರಸ್ತೆಯ ಈಚೆಗೂ ಕೇಳಿಸಿತು. ಭಟ್ಟರು ಶಲ್ಯ ಕೊಡವಿ ಎದ್ದರು. ಅಪ್ಪ ಮಗ ಹೋಗಿ ಮಿಂದರಂತೆ. ಅಲ್ಲಿಗೆ ಹುಲಗೋಳದ ಮನೆಯಲ್ಲಿ ನನ್ನ ಗಂಡ ಸತ್ತದ್ದು ಮುಗಿಯಿತು, ಮೈ ಒರೆಸಿಕೊಳ್ಳುವಷ್ಟು ಹೊತ್ತಿನಲ್ಲಿ.

ಹೆಣ ಬಂದದ್ದು ಮರುದಿನ ಬೆಳಿಗ್ಗೆ. ಸಿಡ್ನಿಯಿಂದ ಹನ್ನೆರಡು ತಾಸಿನಲ್ಲಿ ಬಂದ ಮನುಷ್ಯನಿಗೆ ಪೋಸ್ಟ್‌ಮಾರ್ಟಂ, ಸಹಿ, ಸಿಕ್ಕಾ ಅಂತ ಬೆಂಗಳೂರಿನಿಂದ ಇಸಳೂರಿಗೆ ಬರಲಿಕ್ಕೆ ಅದರ ಮೂರು ಪಟ್ಟು ಹೊತ್ತು. ಡಾಕ್ಟರು ಹೃದಯ ನಿಂತದ್ದು ಅಂದರು. ಎಲ್ಲಿ ನಿಂತಿತು ಅಂತ ಅವರಿಗೆ ಹೇಳಲಿಕ್ಕೆ ಬರುವುದಿಲ್ಲವಂತೆ. ಹುಲಗೋಳದಿಂದ ಯಾರೂ ಬರಲಿಲ್ಲ. ಬಂದರೆ ಸೂತಕ ತಾಗುತ್ತದಲ್ಲ! ನನ್ನ ತವರಿನ ಅಣ್ಣ ಬಂದ, ಅಕ್ಕಪಕ್ಕದವರು ಬಂದರು. ಕ್ರಿಯೆ ಮಾಡಿಸಲಿಕ್ಕೆ ಭಟ್ಟರು ತಮ್ಮ ಬದಲಿಗೆ ಭೈರುಂಬೆಯ ಕಡೆಯವರೊಬ್ಬರನ್ನು ಕಳಿಸಿದ್ದರು. ಸತೀಶನ ತಾಯಿ ಪಾರ್ವತವ್ವ ಮುಂದೆ ನಿಂತು, ಬಂದವರಿಗೆಲ್ಲ ತನ್ನ ಮನೆಯಲ್ಲೇ ಚಹಾ ಮಾಡಿಸಿ ಕೊಟ್ಟಳು. “ಅಣ್ಣಾರು ಯಾಕ್ರೀ ಬರಲಿಲ್ಲ, ಒಡಹುಟ್ಟಿದವ್ರಲ್ಲೇನು?” ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಏನೆಂದು ಉತ್ತರ ಕೊಡಲಿ, ಲಂಕೆಯ ಕೆರೆಯ ಕತೆ ಹೇಳಲೇ?

ಕೊಳ್ಳಿ ಇಟ್ಟದ್ದು ಸಂಹಿತಾ. ಪೇಪರಿನಲ್ಲಿ ಬರೆಯುವಂಥ ಧೈರ್ಯ ಅಂತ ಯಾರೋ ಹೊಗಳಲಿಕ್ಕೆ ಬಂದರು, ನಾನು ಮುಖ ತಿರುಗಿಸಿದೆ. ಎಂಥ ಧೈರ್ಯ? ಬೇರೆ ಯಾರೂ ಇರಲಿಲ್ಲ, ಇಟ್ಟಳು. ಸ್ಮಶಾನದಿಂದ ಬರುವಾಗ “ಆಯೀ, ಶಶಾಂಕಣ್ಣ ಬತ್ನೇನ ಹೇಳಿ ಕಡೇವರೆಗೂ ನೋಡಿದಿ” ಅಂದಳು. ಅವಳೇ ಚಹಾದ ಸುದ್ದಿ ಫೋನಿನಲ್ಲಿ ಹೇಳಿದವಳು, ಅದನ್ನು ಏನಕ್ಕೆ ಉಪಯೋಗಿಸಿದರು ಅಂತ ಅವಳಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ಅಲ್ಲಿಂದ ಮೂರನೆಯ ದಿನ ಮದುವೆ ಆಯಿತು. ವಾಲಗ ಊದಿಸಿದರಂತೆ, ಊಟಕ್ಕೆ ಐದು ನಮೂನೆ ಸಿಹಿ ಇತ್ತಂತೆ. ತೊಡದೇವು ಪೇಟೆಯಿಂದ ಪೊಟ್ಟಣದಲ್ಲಿ ತರಿಸಿದರಂತೆ. ಇದನ್ನೆಲ್ಲ ಹೇಳಲಿಕ್ಕೆ ಜನಕ್ಕೆ ಏನು ಚಪಲವೋ, ಸೂತಕದ ಮನೆಗೆ ಬಂದು ಮದುವೆಯ ಪಾಯಸದ ರುಚಿ ಹೇಳಿದರು. ನನ್ನ ಹಿತ್ತಲಿನ ಗಡಿಗೆಯನ್ನು ನಾನೇ ಗೋಡೆಗೆ ಅಪ್ಪಳಿಸಿ ಒಡೆದೆ. ಒಡೆದ ಮೇಲೆ ಅದರ ಚೂರುಗಳನ್ನು ಹೆಕ್ಕಿ ಬುಟ್ಟಿಗೆ ತುಂಬಿದೆ.

ಹದಿಮೂರನೆಯ ದಿನದ ಊಟ ಕಳೆದು ಒಂದು ವಾರ ಆಗಿತ್ತು. ನಮ್ಮ ಕಡೆ ಹೊಸ ಮದುಮಕ್ಕಳು ನೆಂಟರ ಮನೆಗಳಿಗೆಲ್ಲ ಹೋಗಿ ಉಂಡು ಬರಬೇಕು. ನಾನು ಕರೆದಿರಲಿಲ್ಲ. ಒಂದು ಮಧ್ಯಾಹ್ನ ಬೈಕು ನಿಂತಿತು. ಶಶಾಂಕ, ಹಿಂದೆ ಕಾವ್ಯಶ್ರೀ. ಅವಳ ಕೈಯಲ್ಲಿ ಬಾಳೆಹಣ್ಣಿನ ಚೀಲ. ಈ ಸಲ ಶಶಾಂಕ ಗೇಟು ದಾಟಿದ, ಕುರ್ಚಿ ಮುಟ್ಟಿದ, ಕೂತ. ಈಗ ಅಡ್ಡಿಯಿಲ್ಲವಲ್ಲ.

ಕಾವ್ಯಶ್ರೀ ನೇರ ಗೋಡೆಯ ಫೋಟೋದ ಹತ್ತಿರ ಹೋಗಿ ಕೈ ಮುಗಿದಳು. ಆಮೇಲೆ ನನ್ನ ಬಳಿ ಬಂದು ನೆಲದ ಮೇಲೆ ಕೂತಳು. “ಚಿಕ್ಕೀ, ಬೇಜಾರು ಮಾಡ್ಕಳಡಿ. ಹಿಂದೇ ಬಪ್ಪನ ಹೇಳಿದ್ದಿ, ಇವು ಈಗ ಬ್ಯಾಡ ಹೇಳಿದ. ಅಪ್ಪಚ್ಚಿ ಸಿಡ್ನಿಲೇ ಹೋದ, ಎಲ್ಲ ಅಲ್ಲೇ ಮುಗತ್ತು ಹೇಳಿದ. ನಿಂಗಕ್ಕೆ ಮುಖ ನೋಡಲೂ ಸಿಕ್ಕಿದ್ದಿಲ್ಲೆ, ಅಲ್ದಾ?”

ನಾನು ಶಶಾಂಕನ ಮುಖ ನೋಡಿದೆ. ಅವನು ಕುರ್ಚಿಯ ಕೈ ಹಿಡಿದುಕೊಂಡಿದ್ದ.

“ಮುಖ ನೋಡಿದ್ದಿ ಕೂಸೇ,” ಅಂದೆ. “ಈ ಜಗಲಿಲೇ ಮಲಗ್ಸಿತ್ತು. ನಿನ್ನ ಮದುವೆಗೆ ಮೂರು ದಿನ ಮುಂಚೆ.”

ಹುಡುಗಿ ದಡ್ಡಿಯಲ್ಲ. ಗಂಡನ ಕಡೆ ಒಮ್ಮೆ ನೋಡಿದಳು, ಫೋಟೋದ ಕಡೆ ಒಮ್ಮೆ ನೋಡಿದಳು. “ಒಂದು ಮಾತು ಹೇಳಿದ್ರೆ ಆಗ್ತಿತ್ತಿಲ್ಯಾ? ಜೂನಲ್ಲಿ ಮಾಡ್ಲಾಗಿತ್ತು. ಅಪ್ಪಯ್ಯ ಕಾಯ್ತಿದ್ದ. ಆನೂ ಕಾಯ್ತಿದ್ದಿ. ನಂಗಳ ಹತ್ರ ಯಾರೂ ಕೇಳಿದ್ವೇ ಇಲ್ಲೆ.”

ಅಷ್ಟೇ. ಒಂದು ಫೋನಿನ ಮಾತು. ಅದನ್ನು ಆಡುವ ಬದಲು ನನ್ನ ಗಂಡನನ್ನು ನೆಲದಿಂದ ಎತ್ತಿ ಕಡಲಿಗೆ ಎಸೆದಿದ್ದರು.

ಶಶಾಂಕ ಅಳಲಿಕ್ಕೆ ಶುರು ಮಾಡಿದ. ಮೂವತ್ತೆಂಟು ವರ್ಷದ ಗಂಡಸು, ಮೂಗು ಸೊರ್ ಸೊರ್ ಅನ್ನಿಸುತ್ತ. “ಬೈಯಿ ಚಿಕ್ಕಿ. ಎರಡು ಹೊಡಿ. ಅಪ್ಪಯ್ಯನ ಮುಖ ನೋಡಿ ಬಾಯಿ ಬಂದಿದ್ದಿಲ್ಲೆ. ಆನು ನಿನ್ನ ಮಗನೇ ಅಲ್ದನಾ?”

ನಾನು ಬೈಯಲಿಲ್ಲ. ಎದ್ದು ಅಡಿಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ಕಷಾಯದ ಪುಡಿಯ ಡಬ್ಬಿ ಇತ್ತು. ಇವರು ಬರುತ್ತಾರೆ ಅಂತ ಹುರಿದು ಬೀಸಿಟ್ಟದ್ದು, ಮುಚ್ಚಳವನ್ನೂ ತೆಗೆದಿರಲಿಲ್ಲ. ಅದನ್ನು ಮುಟ್ಟಲಿಲ್ಲ. ಬಂದುಹೋಗುವವರಿಗೆಂದು ಪಾರ್ವತವ್ವ ತಂದಿಟ್ಟಿದ್ದ ಚಹಾಪುಡಿ ಇತ್ತು. ಎರಡು ಲೋಟ ಚಹಾ ಮಾಡಿದೆ, ಗಟ್ಟಿಯಾಗಿ, ಹಾಲು ಹಾಕಿ. ತಂದು ಒಂದನ್ನು ಕಾವ್ಯಶ್ರೀಗೆ ಕೊಟ್ಟೆ, ತೆಗೆದುಕೊಂಡಳು. ಇನ್ನೊಂದನ್ನು ಶಶಾಂಕನ ಮುಖದ ಎದುರು ಹಿಡಿದೆ.

ಅವನು ಕಣ್ಣು ಒರೆಸಿಕೊಂಡು ಲೋಟ ನೋಡಿದ. ಅಭ್ಯಾಸದಿಂದಲೇ ಕೈ ಅಡ್ಡ ಮಾಡಿದ.

“ಚಹಾ ಬ್ಯಾಡ ಚಿಕ್ಕಿ.”

“ಚಹಾ ಬ್ಯಾಡ್ದಾ?”

“ಇಲ್ಲೆ, ಆನು ಕುಡಿತ್ನಿಲ್ಲೆ, ನಿಂಗೆ ಗೊತ್ತಿದ್ದಲಾ...” ಅಂದವನು ಅಲ್ಲಿಗೇ ನಿಂತ.

“ಹಂಗಾರೆ ನೀ ಸತ್ತೆ,” ಅಂದೆ. “ಚಹಾ ಬ್ಯಾಡ ಹೇಳಿದವ ಸತ್ತ ಲೆಕ್ಕ. ನಿಂಗಳೇ ಮಾಡಿದ ಲೆಕ್ಕ ಅದು, ಆನು ಮಾಡಿದ್ದಲ್ಲ. ಹುಲಗೋಳ ಎನಗೆ ಸಮುದ್ರದ ಆಚೆ. ಎನಗೆ ಹತ್ತು ದಿನದ ಸೂತಕ ಎಲ್ಲ ಇಲ್ಲೆ.”

ಲೋಟವನ್ನು ಅವನ ಕಾಲ ಹತ್ತಿರ ನೆಲದ ಮೇಲೆ ಇಟ್ಟೆ. ಕಾವ್ಯಶ್ರೀ “ಚಿಕ್ಕೀ” ಅಂದಳು, ಅವಳ ತಲೆ ಸವರಿದೆ. ಹಗ್ಗದ ಮೇಲಿನ ಟವೆಲು ಎಳೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿದೆ, ಉಟ್ಟ ಸೀರೆಯಲ್ಲೇ ತಣ್ಣೀರು ಹೊಯ್ದುಕೊಂಡೆ. ಒಂದು ಕೊಡ, ಮತ್ತೊಂದು ಕೊಡ. ಹೊರಗೆ ಅವನು ಬಾಗಿಲು ಬಡಿಯುತ್ತಿದ್ದ. ಮೈ ಒರೆಸಿಕೊಳ್ಳುವ ಹೊತ್ತಿಗೆ ನನಗೆ ಅವನು ಮುಗಿದಿದ್ದ.